ಉಸ್ತಾಜ್ ವಗ್ದಿ ಹಿಡಿದ ಚೀಟಿ

ನಮ್ಮ ಶಾಲೆಯ ಅಧ್ಯಾಪಕರ ಕೋಣೆಯಲ್ಲಿ ಒಂದು ಗಾಜಿನ ಸಕ್ಕರೆ ಡಬ್ಬಿ ಇದೆ. ಅದರ ಮೈಮೇಲೆ ನೀಲಿ ಗೆರೆಗಳು ಒಂದರ ಕೆಳಗೊಂದು ಇಳಿಯುತ್ತಾ ಹೋಗಿವೆ. ದಿನಾ ಮನೆಗೆ ಹೊರಡುವ ಮುಂಚೆ ಸಕ್ಕರೆ ಎಲ್ಲಿಯವರೆಗಿದೆಯೋ ಅಲ್ಲಿಗೆ ಗೆರೆ ಎಳೆದು ಹೋಗುವವರು ಗಣಿತದ ಮೇಷ್ಟ್ರು, ಉಸ್ತಾಜ್ ವಗ್ದಿ. ಸಕ್ಕರೆ ಅವರದಲ್ಲ, ನಮ್ಮೆಲ್ಲರದು. ಅವರು ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದೂ ಇಲ್ಲ. ಆದರೂ ಬೆಳಿಗ್ಗೆ ಬಂದವರೇ ಡಬ್ಬಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡುತ್ತಾರೆ.

ದಮನ್‌ಹೂರಿನ ಕಾಲುವೆ ಪಕ್ಕದ ಈ ಹೆಣ್ಣುಮಕ್ಕಳ ಶಾಲೆಯಲ್ಲಿ ಅವರು ಕೆಲಸಕ್ಕೆ ಸೇರಿ ಇಪ್ಪತ್ತೇಳು ವರ್ಷ. ನಾನು ಸೇರಿ ಹತ್ತೊಂಬತ್ತು. ನಾನು ಅರಬ್ಬಿ ಭಾಷೆ ಕಲಿಸುವವಳು, ಸೌಸನ್ ಅಂತ ಹೆಸರು; ಶಾಲೆಯಲ್ಲಿ ಎಲ್ಲರೂ ಅಬ್ಲಾ, ಅಂದರೆ ಅಕ್ಕ, ಎನ್ನುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲಿದೆ ಎಂದು ಹುಡುಗಿಯರು ಹೇಳುತ್ತಾರೆ, ಸುಳ್ಳಲ್ಲ. ಆದರೆ ನನ್ನ ಕೋಪ ಬಂದಷ್ಟೇ ಬೇಗ ಹೋಗುತ್ತದೆ. ವಗ್ದಿಯವರ ಅನುಮಾನ ಹಾಗಲ್ಲ. ಅದು ಬಂದರೆ ಚಾಪೆ ಹಾಸಿಕೊಂಡು ಕೂತುಬಿಡುತ್ತದೆ.

ಉತ್ತರಪತ್ರಿಕೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಸೀಮೆಸುಣ್ಣದ ತುಂಡುಗಳನ್ನು ಎಣಿಸಿ ಇಡುತ್ತಾರೆ. ಮೂಲೆಯ ಗಾಡಿಯವನು ಕೊಟ್ಟ ಫೂಲ್ ರೊಟ್ಟಿಯನ್ನು ಬಿಚ್ಚಿ, ಅವರೆ ಕಾಳು ಕಡಿಮೆಯಿದೆಯೋ ಎಂದು ನೋಡಿ, ಮತ್ತೆ ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು ತಿನ್ನುತ್ತಾರೆ. ಯಾಕೆ ಹೀಗಾದರು ಎಂಬುದಕ್ಕೆ ಶಾಲೆಯಲ್ಲಿ ಮೂರು ಕಥೆಗಳಿವೆ. ಮೂರನ್ನೂ ಅವರಿಗೆ ಹೇಳಿದ್ದೇವೆ. ಮೂರನ್ನೂ ಅವರು ನಂಬಿಲ್ಲ.

ತರಗತಿಯಲ್ಲಿ ಯಾರಾದರೂ ಥಟ್ಟನೆ ಸರಿ ಉತ್ತರ ಹೇಳಿದರೆ ಅವರ ಬಾಯಿಂದ ಬರುವುದು ಒಂದೇ ಮಾತು: "ಯಾರು ಹೇಳಿಕೊಟ್ರು?" ಹುಡುಗಿಯರು ಅದನ್ನೇ ಅವರ ಹೆಸರು ಮಾಡಿಬಿಟ್ಟಿದ್ದರು. "ಇವತ್ತು ಮೊದಲ ಪೀರಿಯಡ್ ಯಾರು?" ಎಂದು ಒಬ್ಬಳು ಕೇಳಿದರೆ, "ಯಾರು ಹೇಳಿಕೊಟ್ರು!" ಎಂದು ಇನ್ನೊಬ್ಬಳು ಹೇಳಿ ಇಬ್ಬರೂ ಕಿಸಿಕಿಸಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅವರು ಹುಡುಗಿಯರನ್ನು ಹೆದರಿಸುವುದು ಮನೆಪಾಠಕ್ಕೆ ಎಳೆದುಕೊಳ್ಳಲು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಆಮೇಲೆ ಗೊತ್ತಾಯಿತು, ಅವರು ಮನೆಪಾಠ ಮಾಡುವುದೇ ಇಲ್ಲ. ಮನೆಯೊಳಗೆ ಬೇರೆಯವರನ್ನು ಬಿಟ್ಟುಕೊಳ್ಳಲು ಅವರಿಗೆ ಧೈರ್ಯವಿಲ್ಲ.

ಅವರು ನಗುವುದು ವರ್ಷಕ್ಕೆ ಒಂದು ದಿನ, ಅಕ್ಟೋಬರಿನಲ್ಲಿ. ಅಂದು ಹಲಗೆಯ ಮೇಲೆ ಒಂದು ಗುಡ್ಡದ ನಕ್ಷೆ ಬರೆಯುತ್ತಾರೆ. ಅದು ಸೊನ್ನೆಯಲ್ಲಿ ಹುಟ್ಟಿ, ನಾಲ್ಕರಲ್ಲಿ ತುದಿ ಮುಟ್ಟಿ, ಎಂಟರಲ್ಲಿ ನೆಲಕ್ಕಿಳಿಯುತ್ತದೆ. ನಮ್ಮಲ್ಲಿ ಗೊತ್ತಿಲ್ಲದ ಸಂಖ್ಯೆಗೆ 'ಸೀನ್' ಎಂಬ ಅಕ್ಷರ ಇಡುವುದು ರೂಢಿ. ಆ ನಕ್ಷೆಯ ಸೂತ್ರದಲ್ಲಿ ಸೀನ್ ಇದ್ದ ಕಡೆಯೆಲ್ಲ ಎರಡು ಸೀನ್, ಅಂದರೆ ಅದರ ಇಮ್ಮಡಿ, ಹಾಕಿದರೆ ಗುಡ್ಡ ಏನಾಗುತ್ತದೆ ಎಂದು ಕೇಳುತ್ತಾರೆ. ಇಡೀ ತರಗತಿ ಒಂದೇ ಗಂಟಲಲ್ಲಿ, "ಎರಡರಷ್ಟು ಅಗಲ ಆಗುತ್ತೆ, ಉಸ್ತಾಜ್!" ಎನ್ನುತ್ತದೆ. ಆಗ ಅವರು ನಗುತ್ತಾರೆ. ಯಾಕೆಂದರೆ ಗುಡ್ಡ ಅಗಲವಾಗುವುದಿಲ್ಲ, ಅರ್ಧಕ್ಕೆ ಒತ್ತಿಕೊಳ್ಳುತ್ತದೆ. ಸೂತ್ರದ ಒಳಗೆ ನಾಲ್ಕು ಆಗಬೇಕಾದರೆ ಹೊರಗಿನಿಂದ ಸೀನ್‌ಗೆ ಎರಡು ಕೊಟ್ಟರೆ ಸಾಕಲ್ಲವೇ. ಹಾಗಾಗಿ ತುದಿ ಎರಡಕ್ಕೆ ಬರುತ್ತದೆ, ಗುಡ್ಡ ನಾಲ್ಕಕ್ಕೇ ಮುಗಿಯುತ್ತದೆ. ಎತ್ತರ ಮಾತ್ರ ಇದ್ದಷ್ಟೇ ಇರುತ್ತದೆ.

ಇಪ್ಪತ್ತೇಳು ವರ್ಷ ಯಾರೂ ಪಾಠಕ್ಕೆ ಮುಂಚೆ ಸರಿ ಹೇಳಿರಲಿಲ್ಲ. ಹಾಗಾಗಿ ಅವರ ಲೆಕ್ಕದಲ್ಲಿ ತಪ್ಪು ಹೇಳಿದವಳು ಪ್ರಾಮಾಣಿಕಳು, ಸರಿ ಹೇಳಿದವಳು ಕಳ್ಳಿ.

ಹೋದ ಅಕ್ಟೋಬರಿನಲ್ಲಿ ಒಬ್ಬಳು ಸರಿ ಹೇಳಿಬಿಟ್ಟಳು. ಹೆಸರು ಹನೀನ್. ಉದ್ದ ಕತ್ತಿನ, ಪಟಪಟ ಮಾತಾಡುವ ಹುಡುಗಿ. ಅಂದು ಅಧ್ಯಾಪಕರ ಕೋಣೆಗೆ ಬಂದ ವಗ್ದಿ ಕುರ್ಚಿಯಲ್ಲಿ ಕೂರಲೇ ಇಲ್ಲ.

"ಸಿಕ್ಕಿದ್ಲು ರೀ ಇವತ್ತು ಒಬ್ಬಳು. ನನ್ನ ನೋಟ್‌ಬುಕ್ ಕದ್ದು ಓದಿದ್ದಾಳೆ. ನಾನು ಪಾಠಾನೇ ಶುರು ಮಾಡಿಲ್ಲ, ಕಿರಿದಾಗುತ್ತೆ ಅಂತಾಳೆ! ಅಪ್ಪನ್ನ ಕರ್ಕೊಂಡು ಬರೋವರೆಗೂ ನನ್ನ ಕ್ಲಾಸಿಗೆ ಕಾಲಿಡಬೇಡ ಅಂತ ಆಚೆ ಕಳಿಸಿದೆ."

"ನೋಟ್‌ಬುಕ್ ಇಡೋ ಬೀರುವಿಗೆ ಬೀಗ ಹಾಕಿತ್ತಲ್ವಾ ಉಸ್ತಾಜ್?" ಎಂದೆ.

"ಅದೇ ನೋಡಿ, ಬೀಗ ಹಾಗೇ ಇದೆ. ಎಷ್ಟು ಪಳಗಿದ ಕೈ ಇರಬೇಕು!"

ನಾನು ನಕ್ಕು ಚಹಾ ಕುಡಿದೆ. ಹನೀನಳ ಅಪ್ಪ ಕುವೈತಿನಲ್ಲಿ ಕೆಲಸದಲ್ಲಿದ್ದಾನೆ, ಕರೆತರಲು ಆಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಆ ಹುಡುಗಿ ಮಾರನೆಯ ದಿನದಿಂದ ಶಾಲೆಗೇ ಬರಲಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಜನವರಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಗ್ದಿ ಆ ಎರಡು ಸೀನ್‌ನ ಪ್ರಶ್ನೆಯನ್ನೇ ವೇಷ ಬದಲಿಸಿ ಕೇಳಿದ್ದರು. ಪಾಠ ಕೇಳಿಯೂ ಅರ್ಧ ತರಗತಿ ಮತ್ತೆ ಅಗಲ ಮಾಡಿತ್ತು. ಬಸ್ಮಲಾ ಎಂಬ ಹುಡುಗಿ ಮಾತ್ರ ಕ್ಷಣದಲ್ಲಿ ಸರಿಯಾಗಿ ಬರೆದಿದ್ದಳು. ಬಸ್ಮಲಾ ಗಣಿತದಲ್ಲಿ ಏದುಸಿರು ಬಿಟ್ಟುಕೊಂಡು ಪಾಸಾಗುವವಳು. ವಗ್ದಿಯವರ ಕಿವಿ ನೆಟ್ಟಗಾಯಿತು. ಪರೀಕ್ಷೆಯ ಕೋಣೆಯಲ್ಲೇ ಅವಳ ಪೆನ್ನಿನ ಚೀಲ ಕೊಡವಿದರು. ಬೆರಳಗಲದ ಚೀಟಿ ಬಿತ್ತು. ಅದರಲ್ಲಿ ಇದ್ದದ್ದು ಮೂರೇ ಅಕ್ಷರ: ದಾದ್, ಐನ್, ಫಾ.

ಚೀಟಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನನ್ನ ಹತ್ತಿರ ಬಂದರು.

"ಅಬ್ಲಾ ಸೌಸನ್, ನೀವು ಭಾಷೆಯವರು. ಇದು ಗುಪ್ತ ಸಂಕೇತ. ಮೂರು ಹೆಸರಿನ ಮೊದಲಕ್ಷರ. ಫಾ ಅಂದ್ರೆ ಫರಾಹ್. ಐನ್ ಅಂದ್ರೆ ಅಬೀರ್. ದಾದ್‌ನಿಂದ ಶುರುವಾಗೋ ಹೆಸರು ಕ್ಲಾಸಲ್ಲೇ ಇಲ್ಲ. ಅಂದ್ರೆ ಅವಳೇ ಗುಂಪಿನ ಯಜಮಾನಿ, ಹೆಸರು ಮುಚ್ಚಿಟ್ಟಿದ್ದಾಳೆ!"

"ಸಂಕೇತ ಅಲ್ಲ ರೀ, ಒಂದು ಮಾಮೂಲಿ ಪದ," ಎಂದೆ. ನಮ್ಮ ಬರವಣಿಗೆಯಲ್ಲಿ ಗುಡಿಸಿನಂಥ ಗುರುತುಗಳನ್ನು ಹಾಕುವುದಿಲ್ಲ, ಓದುವವರೇ ಊಹಿಸಿಕೊಳ್ಳಬೇಕು. ಈ ಮೂರಕ್ಷರವನ್ನು 'ದಿಅಫ್' ಎಂದು ಓದಿದರೆ ಇಮ್ಮಡಿ ಎಂದರ್ಥ. 'ದಅಫ್' ಎಂದು ಓದಿದರೆ ನಿತ್ರಾಣ, ಸೊರಗುವುದು.

"ಎರಡರಲ್ಲಿ ಯಾವುದು?"

"ನಿಮ್ಮ ಪ್ರಶ್ನೆಗೆ ಎರಡೂ ಸರಿಹೋಗತ್ತಲ್ಲ ಉಸ್ತಾಜ್. ಒಳಗೆ ಇಮ್ಮಡಿ ಮಾಡಿದ್ರೆ ಗುಡ್ಡ ಸೊರಗತ್ತೆ."

ಅವರ ಮುಖ ಬಿಳಿಚಿಕೊಂಡಿತು. "ಇಷ್ಟು ಚೆನ್ನಾಗಿ ಅವಳಿಗೆ ಹೊಳೆಯೋಕೆ ಸಾಧ್ಯವೇ ಇಲ್ಲ. ಯಾರೋ ಹೇಳಿಕೊಟ್ಟಿದ್ದಾರೆ." ಆಮೇಲೆ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. ನನಗೆ ರೇಗಿತು.

ಮುಖ್ಯೋಪಾಧ್ಯಾಯಿನಿ ಮದಾಮ್ ಅಫಾಫ್ ಅವರ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಮೇಲೆ ವರದಿ ಸಿದ್ಧವಾಗಿತ್ತು, ಸಹಿ ಮಾತ್ರ ಬಾಕಿ. ಸಹಿ ಬಿದ್ದರೆ ಬಸ್ಮಲಾ ಈ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ಹುಡುಗಿ ಅಂಗಿಯ ತೋಳಿನ ಅಂಚನ್ನು ಕಚ್ಚುತ್ತಾ ನಿಂತಿದ್ದಳು.

"ಚೀಟಿ ಬದಿಗಿರಲಿ," ಎಂದರು ವಗ್ದಿ. "ಯಾಕೆ ಕಿರಿದಾಗುತ್ತೆ? ಹೇಳು, ನಿನ್ನ ಮಾತಲ್ಲೇ ಹೇಳು."

ಬಸ್ಮಲಾ ಮದಾಮ್ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಹೇಳಿದ್ರೆ ಇನ್ನೊಂದು ತಪ್ಪು ಒಪ್ಕೋಬೇಕಾಗತ್ತೆ ಅಬ್ಲಾ."

"ಒಪ್ಕೋ ತಾಯಿ. ಒಂದಕ್ಕಿಂತ ಒಂದು ಚಿಕ್ಕದಾಗಿರಲಿ," ಎಂದೆ.

"ನಾನು ಕ್ಲಾಸಿಗೆ ಫೋನ್ ತರ್ತೀನಿ. ಉಸ್ತಾಜ್ ಬೇಗ ಬೇಗ ಹೇಳ್ತಾರೆ, ನನ್ನ ಕೈ ಓಡಲ್ಲ. ಪಾಠ ಎಲ್ಲಾ ರೆಕಾರ್ಡ್ ಮಾಡ್ಕೋತೀನಿ." ಉಸಿರೆಳೆದುಕೊಂಡಳು. "ಮನೇಲಿ ಡಬಲ್ ಸ್ಪೀಡಲ್ಲಿ ಕೇಳ್ತೀನಿ. ನಲವತ್ತು ನಿಮಿಷದ ಪಾಠ ಇಪ್ಪತ್ತಕ್ಕೆ ಮುಗಿಯುತ್ತೆ. ಉಸ್ತಾಜ್ ಹನ್ನೆರಡನೇ ನಿಮಿಷದಲ್ಲಿ ಕೂಗಿದ್ರೆ, ನನಗೆ ಆರನೇ ನಿಮಿಷಕ್ಕೇ ಕೇಳಿಸುತ್ತೆ. ಕೂಗು ಅಷ್ಟೇ ಜೋರಾಗಿರುತ್ತೆ, ಅದು ಕಮ್ಮಿ ಆಗಲ್ಲ. ಬೇಗ ಬರುತ್ತೆ, ಬೇಗ ಹೋಗುತ್ತೆ. ಗುಡ್ಡಾನೂ ಹಂಗೇ ಅಲ್ವಾ?"

ಮದಾಮ್ ಅಫಾಫ್ ಬಾಯಿಗೆ ಕೈ ಅಡ್ಡ ಹಿಡಿದರು. ನನಗೆ ನಗು ತಡೆಯಲಿಲ್ಲ. ವಗ್ದಿ ನಗಲಿಲ್ಲ.

"ಯಾರು ಹೇಳಿಕೊಟ್ರು ಇದನ್ನ?"

"ಹನೀನ್."

"ಆ ಕಳ್ಳಿ!"

"ಕಳ್ಳಿ ಅಲ್ಲ ಉಸ್ತಾಜ್." ಇಷ್ಟು ಹೊತ್ತು ತೋಳು ಕಚ್ಚುತ್ತಿದ್ದವಳ ದನಿ ಈಗ ಗಟ್ಟಿಯಾಗಿತ್ತು. "ಅವಳು ನಿಮಗೂ ಹೇಳಿದ್ಲು. ನೀವು ಕೇಳಿಸ್ಕೊಳ್ಳಲಿಲ್ಲ. ಆವತ್ತಿನ ಪಾಠಾನೂ ನನ್ನ ಹತ್ರ ಇದೆ."

ಫೋನನ್ನು ಮೇಜಿನ ಮೇಲಿಟ್ಟಳು. ಸೀಮೆಸುಣ್ಣದ ಕಿರಕಿರ ಕೇಳಿಸಿತು. ವಗ್ದಿಯವರ ಪ್ರಶ್ನೆ, ಹುಡುಗಿಯರ ಒಂದೇ ಗಂಟಲಿನ "ಅಗಲ ಆಗುತ್ತೆ!", ಅದರ ಹಿಂದೆಯೇ ಒಂದು ತೆಳು ದನಿ: "ಕಿರಿದಾಗುತ್ತೆ ಉಸ್ತಾಜ್". ಆಮೇಲೆ ಏನೋ ಪಟಪಟ ಎಂದು ಒಂದರ ಮೇಲೊಂದು ಬಿದ್ದ ಮಾತು. ಆಮೇಲೆ ಕೂಗು.

"ನಡುವೆ ಏನಂದ್ಲು?" ಎಂದು ಮದಾಮ್ ಕೇಳಿದರು. ನಮಗೆ ಮೂವರಿಗೂ ತಿಳಿಯಲಿಲ್ಲ.

"ಇದನ್ನ ನೀನೇ ಸೇರಿಸಿರಬಹುದು," ಎಂದರು ವಗ್ದಿ. ಆದರೆ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ಅರ್ಧ ಸ್ಪೀಡಿಗೆ ಇಡ್ತೀನಿ," ಎಂದಳು ಬಸ್ಮಲಾ. "ಎರಡರಿಂದ ಭಾಗಿಸಿದ ಸೀನ್. ಈಗ ಅಗಲ ಆಗುತ್ತೆ."

ಅಗಲವಾಯಿತು. ಒಂದರ ಮೇಲೊಂದು ಬಿದ್ದಿದ್ದ ಪದಗಳು ಬಿಡಿಬಿಡಿಯಾಗಿ ಎದ್ದು ನಿಂತವು: "ಅಪ್ಪ... ಕುವೈತಿಂದ... ಹತ್ತು ನಿಮಿಷ ಮಾತಾಡಿ ಕಳಿಸ್ತಾರೆ... ಡಬಲ್ ಸ್ಪೀಡಲ್ಲಿ ಹಾಕಿದ್ರೆ... ಐದಕ್ಕೆ ಮುಗಿಯುತ್ತೆ... ಒಳಗೆ ದಿಅಫ್... ಹೊರಗೆ ದಅಫ್... ಅಲ್ವಾ ಉಸ್ತಾಜ್?"

ಅದರ ಬೆನ್ನಿಗೇ ವಗ್ದಿಯವರ ಕೂಗು ಬಂತು. ಮೂರು ಸೆಕೆಂಡಿನದು ಈಗ ಆರು ಸೆಕೆಂಡು ಹಿಡಿಯಿತು. "ಯಾ...ರು... ಹೇ...ಳಿ...ಕೊ...ಟ್ರು..." ಮೊದಲಿನಷ್ಟೇ ಜೋರು, ಎರಡರಷ್ಟು ಉದ್ದ. ಆಮೇಲೆ ಬೆಂಚು ಸರಿದ ಸದ್ದು. ಹುಡುಗಿ ಬಾಗಿಲವರೆಗೆ ನಡೆದ ಸದ್ದು ಎಷ್ಟು ಹೊತ್ತಾದರೂ ಮುಗಿಯಲಿಲ್ಲ.

ವಗ್ದಿ ಎದ್ದು ಕಿಟಕಿಯ ಕಡೆ ಹೋದರು. ನನಗೆ ಅವರನ್ನು ಹಿಡಿದು ಚೆನ್ನಾಗಿ ಬೈಯಬೇಕೆನಿಸಿತು, ಜೊತೆಗೆ ಅಯ್ಯೋ ಎಂದೂ ಅನಿಸಿತು. ಮದಾಮ್ ಅಫಾಫ್ ವರದಿಯನ್ನು ನಾಲ್ಕು ಮಡಿಕೆ ಮಾಡಿ ಹರಿದರು. ಫೋನಿನ ಬಗ್ಗೆ ಆಮೇಲೆ ಮಾತಾಡೋಣ ಎಂದು ಬಸ್ಮಲಾಳನ್ನು ಕಳಿಸಿದರು. ಅವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಅವಳಿಗೆ ಎಲ್ಲಾ ಪಾಠ ಕಳಿಸ್ತಾನೇ ಇದೀನಿ ಉಸ್ತಾಜ್. ಕೇಳ್ತಾಳೆ. ಆದ್ರೆ ಅವಳಮ್ಮಾನೂ ನಂಬಿಲ್ಲ ಅವಳನ್ನ. ಶಾಲೆಯವರು ಸುಮ್‌ಸುಮ್ನೆ ಕಳ್ಳಿ ಅಂತಾರಾ ಅಂತ ಮೂರು ತಿಂಗಳಿಂದ ಸರಿಯಾಗಿ ಮಾತೇ ಆಡಿಲ್ಲವಂತೆ."

ಗುರುವಾರ ಮಧ್ಯಾಹ್ನ ವಗ್ದಿ ನನ್ನ ಮುಂದೆ ಬಂದು ನಿಂತರು. "ಒಬ್ಬನೇ ಹೋದ್ರೆ ಚೆನ್ನಾಗಿರಲ್ಲ. ಬರ್ತೀರಾ?"

ಟುಕ್‌ಟುಕ್‌ನಲ್ಲಿ ಹೋದೆವು. ದಾರಿಯುದ್ದಕ್ಕೂ ಚಾಲಕ ಸುತ್ತುದಾರಿ ಹಿಡಿಯುತ್ತಿದ್ದಾನೆಂದು ಅವರು ಒಮ್ಮೆಯೂ ಹೇಳಲಿಲ್ಲ. ಮೂರನೆಯ ಮಹಡಿಯ ಮೆಟ್ಟಿಲ ಮೇಲೆಲ್ಲ ಕರಿದ ಬದನೆಕಾಯಿಯ ವಾಸನೆ. ಬಾಗಿಲು ತಟ್ಟಿದೆವು. ಸರಪಳಿ ಬಿಚ್ಚದೆ, ನಾಲ್ಕು ಬೆರಳಿನಷ್ಟು ಬಾಗಿಲು ತೆರೆದು ಒಬ್ಬ ಹೆಂಗಸು ನೋಡಿದಳು. ಹನೀನಳ ಅಮ್ಮ.

"ಯಾರು?"

"ಶಾಲೆಯಿಂದ ಬಂದಿದ್ದೀವಿ. ನಾನು ಗಣಿತದ ಮೇಷ್ಟ್ರು, ವಗ್ದಿ."

"ಏನು ಗುರುತು?"

ಅವರು ಗುರುತಿನ ಚೀಟಿ ತೆಗೆದುಕೊಟ್ಟರು. ಆಕೆ ಅದನ್ನು ಬೆಳಕಿಗೆ ಹಿಡಿದು ಮುಂದೆ ನೋಡಿದಳು, ಹಿಂದೆ ನೋಡಿದಳು, ಚಿತ್ರವನ್ನೂ ಮುಖವನ್ನೂ ಮತ್ತೆ ಮತ್ತೆ ಹೋಲಿಸಿದಳು. ಇಪ್ಪತ್ತೇಳು ವರ್ಷ ಹೀಗೆ ನೋಡಿದ ಮನುಷ್ಯ ಈಗ ನೋಡಿಸಿಕೊಳ್ಳುತ್ತಾ ನಿಂತಿದ್ದರು. ಹಣೆಯ ಮೇಲೆ ಬೆವರಿತ್ತು.

"ಮೂರು ತಿಂಗಳು ನೆನಪಾಗದೆ ಇದ್ದೋರು ಇವತ್ತು ಯಾಕೆ ಬಂದ್ರಿ? ಇನ್ನೇನು ಕದ್ದಿದ್ದಾಳಂತೆ?"

ಒಳಗಿನಿಂದ ಹನೀನಳ ದನಿ ಬಂತು. ಪಟಪಟನೆ ಅಲ್ಲ, ಒಂದೊಂದೇ ಪದ. "ಅಮ್ಮಾ, ಅವರನ್ನ ಕೇಳು. ಸೀನ್ ಇದ್ದ ಜಾಗದಲ್ಲಿ ಎರಡು ಸೀನ್ ಹಾಕಿದ್ರೆ ನಕ್ಷೆ ಅಗಲ ಆಗುತ್ತಾ, ಕಿರಿದಾಗುತ್ತಾ ಅಂತ."

ಅಮ್ಮನಿಗೆ ಅದರ ತಲೆಬುಡ ತಿಳಿಯದು. ಆದರೂ ಕೇಳಿದಳು.

"ಕಿರಿದಾಗುತ್ತೆ ತಾಯಿ," ಎಂದರು ವಗ್ದಿ. "ಒಳಗೆ ದಿಅಫ್, ಹೊರಗೆ ದಅಫ್."

ಆಕೆ ಅವರನ್ನು ಅನುಮಾನದಿಂದ ನೋಡಿದಳು. "ಯಾರು ಹೇಳಿಕೊಟ್ರು ನಿಮಗೆ?"

ವಗ್ದಿ ಬಾಗಿಲ ಸಂದಿಯತ್ತ ಬಾಗಿದರು. ಒಳಗಿದ್ದವಳಿಗೂ ಕೇಳುವಂತೆ ಹೇಳಿದರು:

"ನಿಮ್ಮ ಮಗಳು."