ಒದ್ದೆ ಬಟ್ಟೆಯೊಳಗಿನ ಮುಖ

ಹಳೆಯ ಹತ್ತಿ ಸೀರೆಯ ಒಂದು ತುಂಡು, ಒಂದು ಚೊಂಬು ನೀರು: ಮಣ್ಣಿನಲ್ಲಿ ಮುಖ ಮಾಡುವವನಿಗೆ ಕೈಚಳಕಕ್ಕಿಂತ ಮೊದಲು ಬೇಕಾದವು ಇವು. ಕೆಲಸ ನಿಲ್ಲಿಸಿದಾಗ ಒದ್ದೆ ಬಟ್ಟೆ ಹೊದಿಸದಿದ್ದರೆ ಮಣ್ಣು ಒಣಗಿ ಬಿರುಕು ಬಿಟ್ಟು, ಅಷ್ಟು ದಿನದ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಸರಿ.

ಭದ್ರಾವತಿಯ ಕಾಗದನಗರದ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದ ನನಗೆ ಹತ್ತೊಂಬತ್ತನೆಯ ಶತಮಾನದ ಒಬ್ಬ ಇಟಲಿಯ ಶಿಲ್ಪಿಯ ಹುಚ್ಚು ಹಿಡಿದಿತ್ತು. ಕಲ್ಲುಕುಟಿಗನ ಮಗ, ಹಣವಂತರ ಗೋರಿಗಳ ಮೇಲೆ ಪ್ರತಿಮೆ ಕೆತ್ತಿ ಹೊಟ್ಟೆ ಹೊರೆದವನು. ಅಮೃತಶಿಲೆಯಲ್ಲಿ ಉಡುಪಿನ ಕಸೂತಿಯನ್ನು ಅವನು ಎಳೆ ಎಳೆಯಾಗಿ ತೆಗೆದರೆ, ಜನ ಕಸೂತಿಯನ್ನೇ ಹೊಗಳಿ ಮುಖ ನೋಡದೆ ಹೋದರಂತೆ. ತನಗಾಗಿ ಕೆತ್ತಿಕೊಂಡದ್ದು ಒಂದನ್ನೇ, ಬದುಕಿದ್ದ ತಾಯಿಯನ್ನು: ಬೊಚ್ಚುಬಾಯಿ, ಇಳಿಬಿದ್ದ ರೆಪ್ಪೆ, ಒಂದು ಸುಕ್ಕನ್ನೂ ಬಿಡದೆ. ಅದನ್ನು ಯಾರೂ ಕೇಳಲಿಲ್ಲ, ಅವನು ಮಾರಲೂ ಇಲ್ಲ. ಆ ಶಿಲ್ಪದ ಚಿತ್ರ ನೋಡಿದಂದಿನಿಂದ, ನನ್ನ ಅಮ್ಮನ ಮುಖವನ್ನೂ ಅವಳಿರುವಾಗಲೇ ಹಿಡಿದಿಡಬೇಕೆಂಬ ಆಸೆ ನನ್ನನ್ನು ಬಿಡಲಿಲ್ಲ.

ಅಮ್ಮ ಶಿವಮೊಗ್ಗದ ರವೀಂದ್ರನಗರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಭಾನುವಾರಗಳಂದು ಭದ್ರಾವತಿಯಿಂದ ಬಸ್ಸು ಹತ್ತಿ ಹೋಗಿ, ಹಿಂದಿನ ಕೋಣೆಯಲ್ಲಿ ಅವಳನ್ನು ಎದುರಿಗೆ ಕೂರಿಸಿಕೊಂಡು ಮಣ್ಣು ಮೆತ್ತುತ್ತಿದ್ದೆ. ವಾರವೆಲ್ಲ ಬಟ್ಟೆ ಒದ್ದೆ ಮಾಡುವ ಹೊಣೆ ಅಣ್ಣನದು.

"ಇಷ್ಟೊಂದು ಸುಕ್ಕು ಇದೆಯೇನೋ ಮಾರಾಯ ನಂಗೆ?" ಎಂದು ಅಮ್ಮ ನಗುತ್ತಿದ್ದಳು.

ಒಂದು ಭಾನುವಾರ ಹೋಗಿ ನೋಡಿದರೆ ಬಟ್ಟೆ ಇರಲಿಲ್ಲ. ಮಣ್ಣಿನ ಮುಖ ಹಣೆಯಿಂದ ಬಾಯಿಯವರೆಗೆ ಸೀಳಿಹೋಗಿತ್ತು.

"ಮುಖದ ಮೇಲೆ ಬಟ್ಟೆ ಹೊದಿಸೋದು ಯಾರಿಗೆ ಹೇಳು? ಅಮ್ಮ ಇನ್ನೂ ಓಡಾಡ್ಕೊಂಡಿದ್ದಾಳೆ. ನೋಡೋಕಾಗ್ಲಿಲ್ಲ, ತೆಗೆದುಬಿಟ್ಟೆ," ಎಂದ ಅಣ್ಣ.

ಅವನ ಭಯ ಸುಳ್ಳಾಗಿರಲಿಲ್ಲ, ಹಾಗಾಗಿ ಜಗಳವಾಡಲೂ ಆಗಲಿಲ್ಲ. ಅಮ್ಮನೂ ಮತ್ತೆ ಕೂರಲು ಒಪ್ಪಲಿಲ್ಲ. ಅಪಶಕುನ ತಪ್ಪಿತೆಂದು ಮನೆಯವರೆಲ್ಲ ನೆಮ್ಮದಿಯಾದರು. ಮರುವರ್ಷ ಅಮ್ಮ ತೀರಿಕೊಂಡಳು.

ವರ್ಷಾಂತಿಕಕ್ಕೆ ಮೂರ್ನಾಲ್ಕು ತಿಂಗಳಿರುವಾಗ ಅಣ್ಣನೇ ಅಮ್ಮನ ಪ್ರಾಯದ ಫೋಟೋ ಹಿಡಿದು ಬಂದ. "ಇದನ್ನ ನೋಡ್ಕೊಂಡು ಒಂದು ಮಾಡ್ಕೊಡೋ. ಸುಕ್ಕುಗಿಕ್ಕು ಬೇಡ, ಲಕ್ಷಣವಾಗಿರ್ಲಿ."

ಸತ್ತವರ ಪ್ರತಿಮೆಗೆ ನಮ್ಮಲ್ಲಿ ಯಾರ ಅಡ್ಡಿಯೂ ಇಲ್ಲ, ನೋಡಿ. ಅಮ್ಮನ ಹೆಸರು ಹೇಳಿ ಕೇಳಿದವನಿಗೆ ಇಲ್ಲವೆನ್ನಲಾಗದೆ ಮಾಡಿಕೊಟ್ಟೆ. ಹಾರ ಹಾಕಿದರು. ಊಟಕ್ಕೆ ಬಂದ ನೆಂಟರೆಲ್ಲ, ಅಮ್ಮನೇ ಬಂದು ಕೂತ ಹಾಗಿದೆ ಎಂದು ಕಣ್ಣೊರೆಸಿಕೊಂಡರು.

ನನ್ನ ಹೊಟ್ಟೆ ಉರಿಯುವುದು ಅದಕ್ಕಲ್ಲ. ಆ ನುಣುಪು ಕೆನ್ನೆಯನ್ನೇ ತಿಂಗಳುಗಟ್ಟಲೆ ತಿದ್ದಿ ತಿದ್ದಿ ಬೆರಳಿಗೆ ಅದೇ ರೂಢಿಯಾಗಿ, ಈಗ ಕಣ್ಣು ಮುಚ್ಚಿದರೆ ನನಗೂ ಅದೇ ಮುಖ ಬರುತ್ತದೆ. ಅಮ್ಮನ ಗಲ್ಲದ ಮೇಲೊಂದು ಮಚ್ಚೆಯಿತ್ತು; ಫೋಟೋದಲ್ಲಿ ಕಾಣದ್ದರಿಂದ ಅದು ಪ್ರತಿಮೆಗೂ ಬರಲಿಲ್ಲ. ಎಡಕ್ಕೋ ಬಲಕ್ಕೋ ಎಂದು ಮೊನ್ನೆ ಅಣ್ಣನನ್ನೇ ಕೇಳಬೇಕಾಯಿತು.

ಅವನು ಪ್ರತಿಮೆಯ ಹತ್ತಿರ ಹೋಗಿ ಬಗ್ಗಿ ನೋಡಿ ಬಂದು ಹೇಳಿದ, "ಮಚ್ಚೆ ಎಲ್ಲಿತ್ತೋ ಅಮ್ಮನಿಗೆ?"