ದೊಡ್ಡವ್ವನ ಮನೆಯ ಮೋಟರು

ವಾರ್ನಿಷ್ ಒಣಗುವ ವಾಸನೆ ಬಂದರೆ ನನಗೆ ಈಗಲೂ ಹಸಿವಾಗುತ್ತದೆ. ಕುರುಗೋಡಿನಲ್ಲಿ ನಾನು ಪಾಠ ಹೇಳುವ ತರಬೇತಿ ಶಾಲೆಯ ವರ್ಕ್‌ಷಾಪಿನಲ್ಲಿ, ಹೊಸದಾಗಿ ತಂತಿ ಸುತ್ತಿದ ಮೋಟರಿಗೆ ಹುಡುಗಿಯರು ವಾರ್ನಿಷ್ ಸುರಿದು ಬಿಸಿಲಿಗಿಟ್ಟಾಗ, ಆ ಅಂಟಂಟಾದ, ಮೂಗಿಗೆ ಚುಚ್ಚುವ, ಕೊನೆಯಲ್ಲಿ ಸ್ವಲ್ಪ ಸಿಹಿಯೂ ಆಗುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ಅದರ ಬೆನ್ನಿಗೇ ಪುಂಡಿಪಲ್ಯದ ಹುಳಿ, ಬೆಳ್ಳುಳ್ಳಿ ಒಗ್ಗರಣೆಯ ಘಾಟು ಎಲ್ಲಿಂದಲೋ ಬಂದು ನಾಲಿಗೆಯ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿ ಯಾರೂ ಅಡಿಗೆ ಮಾಡುತ್ತಿರುವುದಿಲ್ಲ. ಈ ಎರಡು ವಾಸನೆಗಳೂ ಒಟ್ಟಿಗೆ ಇದ್ದದ್ದು ನನಗೆ ಗೊತ್ತಿರುವ ಹಾಗೆ ಭೂಮಿಯ ಮೇಲೆ ಒಂದೇ ಮನೆಯಲ್ಲಿ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಅದರ ಜಾಗದಲ್ಲಿ ಈಗ ಬೇರೇನೋ ನಿಂತಿರಬಹುದು. ಹಾಗಿದ್ದರೆ ನಾನು ಹೇಳುವುದು ನಿಮಗೆ ಬೇಗ ತಿಳಿಯುತ್ತದೆ.

ಆ ಮನೆ ಬಳ್ಳಾರಿಯ ಪಾರ್ವತಿನಗರದ ಹಿಂಬದಿಯ ಓಣಿಯೊಂದರಲ್ಲಿತ್ತು. ನನ್ನ ಅವ್ವನ ಅಕ್ಕ ಗೌರಮ್ಮ, ನನಗೆ ದೊಡ್ಡವ್ವ, ಅಲ್ಲಿ ಖಾನಾವಳಿ ನಡೆಸುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ನಮ್ಮೂರು ರಾರಾವಿಗೆ ವಾಪಸು ಬಾ ಎಂದು ನಮ್ಮಪ್ಪ ಎಷ್ಟು ಕರೆದರೂ ಬಾರದೆ, ಎರಡು ಒಲೆ ಹೂಡಿ ಊಟ ಹಾಕಲು ಶುರು ಮಾಡಿದವಳು. ನಾನು ಐದನೇ ಇಯತ್ತೆಗೆ ಬಂದಾಗ ನನ್ನನ್ನು ಅವಳ ಹತ್ತಿರ ಬಿಟ್ಟರು. ಹುಡುಗಿ ಪಟ್ಟಣದ ಸಾಲಿ ಕಲಿಯಲಿ, ಅಕ್ಕನಿಗೂ ಒಂದು ಜೊತೆಯಾಗಲಿ ಎಂದು. ಒಂದರ ಹಿಂದೆ ಒಂದು ಮೂರು ಕೋಣೆ, ಹಿತ್ತಲಲ್ಲಿ ನುಗ್ಗೆಮರ, ಅದರ ಕೆಳಗೆ ಬಂಡೆ ಮುಚ್ಚಿದ ನೀರಿನ ಸಂಪು, ಮೇಲೆ ಹತ್ತಲು ಹಿಡಿಯಲು ಕಂಬಿ ಇಲ್ಲದ ಮೆಟ್ಟಿಲು, ಬೇಸಿಗೆಯಲ್ಲಿ ಕಾಲಿಡಲಾಗದಷ್ಟು ಕಾಯುವ ಮಾಳಿಗೆ. ದೊಡ್ಡವ್ವ ಎರಡನೇ ಇಯತ್ತೆಯ ಆಚೆ ಓದಿರಲಿಲ್ಲ. ಆದರೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸಪ್ಪಳದ ಮೇಲೆಯೇ ಬಂದವರು ಯಾರು, ಇವತ್ತು ಎಷ್ಟು ಉಣ್ಣುತ್ತಾರೆ ಎಂದು ಒಳಗಿನಿಂದ ಹೇಳುತ್ತಿದ್ದಳು. ನಾನು ತಾಟು ಹಚ್ಚುತ್ತಿದ್ದೆ, ಉಪ್ಪು, ಶೇಂಗಾ ಚಟ್ನಿ ಬಡಿಸುತ್ತಿದ್ದೆ, ಆಮೇಲೆ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ವಿಜ್ಞಾನದ ಪ್ರಶ್ನೋತ್ತರ ಬಾಯಿಪಾಠ ಮಾಡುತ್ತಿದ್ದೆ.

ದಿನಾ ಉಣ್ಣಲು ಬರುತ್ತಿದ್ದ ಹದಿನೈದು ಮಂದಿಯಲ್ಲಿ ಐವರು ಹುಡುಗರು ಊರಿನ ಸರಕಾರಿ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿಯುತ್ತಿದ್ದವರು. ಅವರಲ್ಲಿ ಈರಣ್ಣ ಎಂಬವನು ಕೆಂಚನಗುಡ್ಡದವನು, ತೆಳ್ಳಗೆ ಉದ್ದಕ್ಕೆ ಬೆಳೆದಿದ್ದ, ಮಾತು ಕಡಿಮೆ, ಓದಿನಲ್ಲಿ ಎಲ್ಲರಿಗಿಂತ ಮುಂದು. ನಾನು ಏಳನೇ ಇಯತ್ತೆ ಮುಗಿಸಿದ ವರ್ಷ ಬೇಸಿಗೆಯ ಒಂದು ದಿನ, ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಬಂದು ಸಂಪು ತುಂಬಿತು. ನೀರನ್ನು ಮಾಳಿಗೆಯ ಟ್ಯಾಂಕಿಗೆ ಏರಿಸಬೇಕೆಂದು ಬಟನ್ ಒತ್ತಿದರೆ ಮೋಟರು ಒಂದು ಸಲ ಗುಂಯ್ ಎಂದು ನಿಂತುಬಿಟ್ಟಿತು. ಸುಟ್ಟ ವಾಸನೆ ಬಂತು. ಮಧ್ಯಾಹ್ನದ ಊಟದ ಹೊತ್ತು. ದೊಡ್ಡವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು ಆ ಐವರ ಮುಂದೆ ನಿಂತಳು.

"ಐದು ಮಂದಿ ಕರೆಂಟಿನ ವಿದ್ಯಾ ಕಲಿಯೋರು ಅದೀರಿ. ಒಬ್ಬರು ಎದ್ದು ನೋಡ್ರಪ್ಪಾ."

ಐವರೂ ಕೈ ತೊಳೆದು ಹಿತ್ತಲಿಗೆ ಹೋದರು. ಮೋಟರಿನ ಸುತ್ತ ಕುಕ್ಕುರುಗಾಲಲ್ಲಿ ಕೂತರು. ಮುಟ್ಟಲು ಯಾರಿಗೂ ಧೈರ್ಯವಿಲ್ಲ. ಮೋಟರು ಎಂದರೆ ಏನು, ಅದು ಎಷ್ಟು ಬಗೆ, ಒಳಗೆ ಯಾವ ಯಾವ ಭಾಗ ಎಂದು ಈರಣ್ಣ ಒಂದೂ ಬಿಡದೆ ಹೇಳಿದ. ದೊಡ್ಡವ್ವ ಪೂರ್ತಿ ಕೇಳಿದಳು. ಬಿಚ್ಚಿ ತೋರಿಸು ಎಂದಾಗ ಅವನು ತಲೆ ತಗ್ಗಿಸಿ, ಒಳಗೆ ಹೇಗಿರುತ್ತದೆಂದು ತಾನು ಇದುವರೆಗೆ ನೋಡಿಲ್ಲ ಅಂದ. ಓಡಿಹೋಗಿ ತನ್ನ ಚೀಲದಿಂದ ಪಾಠ ಬರೆಯುವ ಪಟ್ಟಿ ತಂದ. ಅದರಲ್ಲಿ ಮೂರು ಬಣ್ಣದ ಶಾಯಿಯಲ್ಲಿ ಮೋಟರಿನ ಒಳಚಿತ್ರ ಬರೆದಿದ್ದ, ಕೆಳಗೆ ಮೇಷ್ಟ್ರ ಕೆಂಪು ಗುರುತು. ದೊಡ್ಡವ್ವ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ರಂಗೋಲಿ ಇದ್ದಂಗ ಐತಿ, ಭಾಳ ಚಂದ ಐತಿ ಅಂದಳು. ಹಂಗಿಸಲಿಕ್ಕೆ ಹೇಳಿದ್ದಲ್ಲ ಅದು, ಅವಳಿಗೆ ನಿಜವಾಗಿ ಚಂದ ಕಂಡಿತ್ತು. ಅವತ್ತು ಐವರೂ ಸಾಲಾಗಿ ನಿಂತು ಸಂಪಿನಿಂದ ಕೊಡದಲ್ಲಿ ನೀರು ಸೇದಿ ಮಾಳಿಗೆಗೆ ಹೊತ್ತರು. ಈರಣ್ಣನ ಕಣ್ಣು ತುಂಬಿದ್ದನ್ನು ನಾನು ಮೆಟ್ಟಿಲ ಮೇಲೆ ನೋಡಿದೆ.

ಮರುದಿನ ದೊಡ್ಡವ್ವ ಮೋಟರನ್ನು ಗೋಣಿಚೀಲದಲ್ಲಿ ಕಟ್ಟಿ, ಆಟೋದಲ್ಲಿ ಇಟ್ಟು, ನನ್ನನ್ನೂ ಕೂರಿಸಿಕೊಂಡು ಆ ಸಂಸ್ಥೆಗೇ ಹೋದಳು. ಹುಡುಗರಿಗೆ ಪಾಠ ಹೇಳುವ ಚನ್ನಬಸಯ್ಯ ಸರ್ ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಜಗಳಕ್ಕೆ ಬಂದವಳೆಂದು ತಿಳಿದು ಮೊದಲು ಹಿಂಜರಿದರು. ಆಮೇಲೆ ತಾವಾಗಿಯೇ ಒಂದು ಕೋಣೆಯ ಬೀಗ ತೆಗೆದು ತೋರಿಸಿದರು. ಮೇಜಿನ ಮೇಲೆ ಸಾಲಾಗಿ ಮೋಟರುಗಳು, ಮೇಲೆ ಬಟ್ಟೆ, ಬಟ್ಟೆಯ ಮೇಲೆ ದೂಳು. ಬಿಚ್ಚಿದರೆ ಸುಡುತ್ತದೆ, ಸುಟ್ಟರೆ ತಾನು ಮೇಲಿನವರಿಗೆ ಉತ್ತರ ಬರೆಯಬೇಕು, ಪರೀಕ್ಷೆಯಲ್ಲಿ ಕೇಳುವುದು ಹೇಗೂ ಚಿತ್ರ ಮತ್ತು ವ್ಯಾಖ್ಯೆ, ಹಾಗಾಗಿ ಹುಡುಗರು ಪಾಸಾದರೆ ಸಾಕು ಎಂದು ಬೀಗ ಹಾಕಿಟ್ಟಿರುವುದಾಗಿ ಹೇಳಿದರು. ಅದರಲ್ಲಿ ಮುಚ್ಚುಮರೆ ಇರಲಿಲ್ಲ. ದೊಡ್ಡವ್ವ ಗೋಣಿಚೀಲದ ಬಾಯಿ ಬಿಚ್ಚಿದಳು.

"ಇದು ನಂದು ಐತ್ರಿ, ಸರ. ಇದು ಸುಟ್ರ ಯಾರೂ ನಿಮ್ಮನ್ನ ಕೇಳಂಗಿಲ್ಲ. ಐತವಾರ ನಮ್ಮ ಮನಿಗೆ ಬರ್ರಿ."

ಅವರು ಬಂದರು. ಐತವಾರ ರಜೆ, ಖಾನಾವಳಿಯಲ್ಲಿ ಊಟಕ್ಕೆ ಜನ ಕಡಿಮೆ. ಹಿತ್ತಲಲ್ಲಿ ಹಳೇ ಸೀರೆ ಹಾಸಿ, ಮೋಟರು ಬಿಚ್ಚಿ, ಸುಟ್ಟು ಕಪ್ಪಾದ ತಾಮ್ರದ ತಂತಿ ಕಿತ್ತು, ಹೊಸ ತಂತಿಯನ್ನು ಸರ್ ಲೆಕ್ಕ ಹಾಕಿ ಸುತ್ತಿದರು. ಹುಡುಗರು ಸುತ್ತ ನಿಂತು ಕೈಚಾಚಿ ಸಾಮಾನು ಕೊಡುತ್ತಿದ್ದರು. ಸಂಜೆ ಬಟನ್ ಒತ್ತಿದಾಗ ಮೋಟರಿನಿಂದ ಮೊದಲಿಗಿಂತ ಹೆಚ್ಚು ಹೊಗೆ ಬಂತು. ಸರ್ ಕಟ್ಟೆಯ ಮೇಲೆ ಕೂತರು, ಬಿಳಿ ಅಂಗಿಯ ತೋಳಿಗೆಲ್ಲ ಮಸಿ. ಹುಡುಗರು ಅಲ್ಲೇ ಇದ್ದರು. ಬೇಕಿದ್ದರೆ ತಂತಿ ಸರಿಯಿಲ್ಲ, ಮೋಟರು ಹಳತು ಎಂದು ಏನಾದರೂ ಹೇಳಬಹುದಿತ್ತು. ಸರ್ ಹಾಗೆ ಹೇಳಲಿಲ್ಲ.

"ಹದಿನಾಲ್ಕು ವರ್ಷದಿಂದ ಇದನ್ನ ಪಾಠ ಮಾಡಾಕತ್ತೀನ್ರಿ, ಅವ್ವಾರ. ಕೈಲೆ ಮಾಡಿದ್ದು ಇವತ್ತೇ ಮೊದಲು."

ದೊಡ್ಡವ್ವ ಒಳಗೆ ಹೋಗಿ ತಾಟು ಹಚ್ಚಿದಳು. ಸರ್ ಹುಡುಗರ ಪಂಕ್ತಿಯಲ್ಲೇ ಕೂತು ಉಂಡರು.

ಆ ವಾರ ಅವಳು ಕೌಲ್ ಬಜಾರಿನ ಖಾಜಾ ಮಿಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಇಡೀ ಓಣಿಯ ಸುಟ್ಟ ಮೋಟರುಗಳು ಅವನ ಚಿಕ್ಕ ಅಂಗಡಿಗೇ ಹೋಗುತ್ತಿದ್ದವು. ಸಾಲಿಯ ಮೆಟ್ಟಿಲು ಹತ್ತದ ಮುದುಕ, ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಅವನು ಮೊದಲು ಒಪ್ಪಲಿಲ್ಲ. ಹುಡುಗರಿಗೆ ಹೇಳಿಕೊಟ್ಟರೆ ನಾಳೆ ತನ್ನ ಎದುರಿಗೇ ಅಂಗಡಿ ತೆರೆಯುತ್ತಾರೆ ಅಂದ. ದೊಡ್ಡವ್ವ ವಾದಕ್ಕೆ ಇಳಿಯದೆ, ನಿಮ್ಮ ಮಕ್ಕಳು ಯಾರಾದರೂ ಈ ಕೆಲಸ ಕಲಿತಿದ್ದಾರೇನು ಎಂದಷ್ಟೇ ಕೇಳಿದಳು. ಮಿಸ್ತ್ರಿ ಇಲ್ಲವೆಂದು ತಲೆಯಾಡಿಸಿ ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟ. ಐತವಾರ ಬೆಳಿಗ್ಗೆ ಹುಡುಗರಿಗಿಂತ ಮೊದಲೇ ಬಂದಿದ್ದ.

ಅಲ್ಲಿಂದ ಶುರುವಾದ ಐತವಾರಗಳು ಎಷ್ಟು ಎಂದು ನನಗೆ ಲೆಕ್ಕವಿಲ್ಲ. ನೆನಪಿನಲ್ಲಿ ಅವೆಲ್ಲ ಸೇರಿ ಒಂದೇ ಉದ್ದನೆಯ ಬೆಳಗಾಗಿವೆ. ನುಗ್ಗೆಯ ಸಣ್ಣ ಎಲೆಗಳು ತಾಮ್ರದ ತಂತಿಯ ಮೇಲೆ ಉದುರುತ್ತಿದ್ದವು, ಒಳಗಿನಿಂದ ರೊಟ್ಟಿ ತಟ್ಟುವ ಸದ್ದು ಒಂದೇ ಸಮ ಕೇಳುತ್ತಿತ್ತು. ಮಿಸ್ತ್ರಿ ಹೇಳಿಕೊಡುವಾಗ ಹೆಚ್ಚು ಮಾತಾಡುತ್ತಿರಲಿಲ್ಲ, ಹುಡುಗರ ಬೆರಳನ್ನೇ ಹಿಡಿದು ತಂತಿಯ ಬಿಗಿ ತೋರಿಸುತ್ತಿದ್ದ. ಚನ್ನಬಸಯ್ಯ ಸರ್ ಅಂಗಿಯ ತೋಳು ಮಡಚಿ ಅವನ ಮುಂದೆ ಹುಡುಗರ ಜೊತೆ ನೆಲದ ಮೇಲೆ ಕೂರುತ್ತಿದ್ದರು. ಒಂದು ದಿನ ಮಿಸ್ತ್ರಿ, ಈ ಅಳತೆಯ ಮೋಟರಿಗೆ ಇಷ್ಟೇ ಸುತ್ತು ಯಾಕೆ, ಹಳೇ ತಂತಿ ಎಣಿಸಿ ಅಷ್ಟೇ ಸುತ್ತುತ್ತೇನೆ, ಹಳೇದು ಕಳೆದುಹೋಗಿದ್ದರೆ ನನಗೆ ದಾರಿ ಇಲ್ಲ ಅಂದ. ಸರ್ ಹಿತ್ತಲಿನ ಬಂಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಲೆಕ್ಕ ಬರೆದು ವಿವರಿಸಿದರು. ಮಿಸ್ತ್ರಿ ಅದನ್ನು ಎರಡು ಸಲ ಹೇಳಿಸಿಕೊಂಡ. ತಂತಿ ಕಬ್ಬಿಣಕ್ಕೆ ತಾಗದಂತೆ ಮೋಟರಿನ ಸಣ್ಣ ಸಂದುಗಳಲ್ಲಿ ಕಾಗದ ತೂರಿಸುವಾಗ ಹುಡುಗರ ದಪ್ಪ ಬೆರಳು ಸಿಕ್ಕಿಕೊಳ್ಳುತ್ತಿದ್ದವು. ಒಮ್ಮೆ ಮಿಸ್ತ್ರಿ ಹೊಸ್ತಿಲಲ್ಲಿ ಕೂತಿದ್ದ ನನ್ನನ್ನು ನೋಡಿ, "ಬೇಟಿ, ನೀನು ಬಾ" ಎಂದು ಕರೆದ. ನನ್ನ ಬೆರಳಿಗೆ ಆ ಕೆಲಸ ಹೇಗೆ ಒಪ್ಪಿತೆಂದರೆ, ಆಮೇಲೆ ಕಾಗದ ತೂರಿಸುವುದು ನನ್ನ ಪಾಲಿಗೇ ಬಂತು. ಸಾಲಿಯಲ್ಲಿ ವಿದ್ಯುತ್ಕಾಂತದ ಪಾಠ ಬಂದಾಗ ಮೊದಲ ಸಲ ನಾನು ಬಾಯಿಪಾಠ ಮಾಡದೆ ಉತ್ತರ ಬರೆದೆ. ಪುಸ್ತಕದ ಮಾತು ಇದ್ದ ಹಾಗೆ ಬರೆದಿಲ್ಲವೆಂದು ಟೀಚರು ಅರ್ಧ ಅಂಕ ಕಡಿದರು. ನನಗೆ ಬೇಸರವಾಗಲಿಲ್ಲ.

ಮೋಟರು ಮೂರನೇ ಸಲಕ್ಕೆ ನೀರೆತ್ತಿತು. ಅಷ್ಟರಲ್ಲಿ ಓಣಿಯವರು ತಮ್ಮ ಕೆಟ್ಟ ಫ್ಯಾನು, ಮಿಕ್ಸಿ ತಂದು ಹಿತ್ತಲಲ್ಲಿ ಇಡತೊಡಗಿದ್ದರು. ವಾರ್ನಿಷ್ ಹಚ್ಚಿದ ಮೋಟರುಗಳನ್ನು ಮಾಳಿಗೆಯ ಬಿಸಿಲಿಗೆ, ದೊಡ್ಡವ್ವನ ಸಂಡಿಗೆಯ ಪಕ್ಕದಲ್ಲೇ ಒಣಗಲು ಇಡುತ್ತಿದ್ದೆವು. ಸಂಡಿಗೆಗೆ ವಾಸನೆ ಹಿಡಿಯುತ್ತದೆಂದು ಅವಳು ಗೊಣಗುತ್ತಿದ್ದಳು, ಮರುವಾರ ತಾನೇ ಜಾಗ ಬಿಟ್ಟು ಸಂಡಿಗೆ ಹಾಕುತ್ತಿದ್ದಳು. ನಾವೆಲ್ಲ ಸುಖವಾಗಿದ್ದೆವು. ಅದು ಸುಖ ಎಂದು ಆಗ ಗೊತ್ತಿರಲಿಲ್ಲ, ಅಷ್ಟೇ.

ಮಳೆಗಾಲದ ಹೊತ್ತಿಗೆ ಒಂದು ತೊಂದರೆ ಬಂತು. ಸರ್ ಹುಡುಗರನ್ನು ಖಾಸಗಿ ಮನೆಗೆ ಕರೆದೊಯ್ದು ಟ್ಯೂಷನ್ ಮಾಡುತ್ತಿದ್ದಾರೆಂದು ಯಾರೋ ಪ್ರಾಂಶುಪಾಲರಿಗೆ ದೂರು ಕೊಟ್ಟರು. ಸರ್ ಕೆಲಸಕ್ಕೇ ಕುತ್ತು ಬರಬಹುದೆಂದು ಹುಡುಗರು ಹೆದರಿದರು, ಈರಣ್ಣ ಎರಡು ದಿನ ಊಟಕ್ಕೆ ಬರಲಿಲ್ಲ. ಸರ್ ಮಾತ್ರ ಇದ್ದದ್ದನ್ನು ಇದ್ದ ಹಾಗೆ, ತಾವು ಮೊದಲ ಸಲ ಮೋಟರು ಸುಟ್ಟದ್ದನ್ನೂ ಸೇರಿಸಿ, ಒಂದು ಹಾಳೆಯಲ್ಲಿ ಬರೆದು ಕೊಟ್ಟರು. ಮುಂದಿನ ಐತವಾರ ಪ್ರಾಂಶುಪಾಲರು ಹೇಳದೆ ಕೇಳದೆ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ನಾವೆಲ್ಲ ಎದ್ದು ನಿಂತೆವು. ದೊಡ್ಡವ್ವ ಅವರನ್ನು ಬರ್ರಿ, ಕುಂದರ್ರಿ ಎಂದು ಕರೆದು, ಕೆಲಸ ನಿಲ್ಲಿಸಬೇಡಿ ಎಂದು ಹುಡುಗರಿಗೆ ಹೇಳಿದಳು. ಅವರು ಒಂದು ತಾಸು ಕೂತು ನೋಡಿದರು. ಈರಣ್ಣ ಒಂದು ಮೋಟರು ಕೂಡಿಸಿ ತಿರುಗಿಸಿ ತೋರಿಸಿದ. ಅವರು ಊಟ ಮಾಡಿದರು, ಕೈ ತೊಳೆದರು, ಹೋದರು. ಯಾವ ಆದೇಶವೂ ಬರಲಿಲ್ಲ. ಕೆಲವು ದಿನ ಕಾದು ನೋಡಿ, ಚನ್ನಬಸಯ್ಯ ಸರ್ ಆ ಕೋಣೆಗೆ ಬೀಗ ಹಾಕುವುದನ್ನು ಬಿಟ್ಟರು. ಮೋಟರುಗಳ ಮೇಲಿನ ಬಟ್ಟೆಯನ್ನು ಒಗೆದು, ಕೈ ಒರೆಸಲು ಹುಡುಗರಿಗೆ ಕೊಟ್ಟರು.

ಆ ಐವರೂ ದೊಡ್ಡ ಕೆಲಸಗಾರರಾದರು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಬ್ಬ ಪೊಲೀಸ್ ಪೇದೆಯಾದ, ಒಬ್ಬ ಫೋನಿನ ಅಂಗಡಿ ಇಟ್ಟ, ಒಬ್ಬನ ಸುದ್ದಿಯೇ ಇಲ್ಲ. ಒಬ್ಬ ಕಾರ್ಖಾನೆಯೊಂದರಲ್ಲಿದ್ದಾನೆ. ಈರಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೋಟರುಗಳನ್ನು ನೋಡಿಕೊಳ್ಳುತ್ತಾನೆ. ಸುಗ್ಗಿಯಲ್ಲಿ ಅವನನ್ನು ಒಂದು ಗಿರಣಿಯಿಂದ ಇನ್ನೊಂದಕ್ಕೆ ಬೈಕಿನಲ್ಲಿ ಕರೆದೊಯ್ಯುತ್ತಾರೆ. ನಾನು ಹತ್ತನೇ ಇಯತ್ತೆ ಮುಗಿಸಿ ಇದೇ ಕೆಲಸ ಕಲಿಯುತ್ತೇನೆ ಎಂದಾಗ ಅಪ್ಪ ನರ್ಸಿಂಗ್ ಓದು ಎಂದು ಹಟ ಹಿಡಿದ. ದೊಡ್ಡವ್ವ ರಾರಾವಿಗೆ ಬಂದು ಎರಡು ದಿನ ಇದ್ದು, ಅವನ ಕೆಟ್ಟುಹೋಗಿದ್ದ ಹೊಳೆದಂಡೆಯ ಪಂಪನ್ನು ನನ್ನ ಕೈಯಲ್ಲೇ ಬಿಚ್ಚಿಸಿ, ಸರಿ ಮಾಡಿಸಿ ಹೋದಳು. ಅಪ್ಪ ಆಮೇಲೆ ನರ್ಸಿಂಗಿನ ಮಾತೆತ್ತಲಿಲ್ಲ. ಈಗ ಸಾಲಿ ಕಲಿತವರಿಗೆ ಕೆಲಸ ಬರುತ್ತದೆಯೇ ಎಂದು ಸಭೆಗಳಲ್ಲಿ ಮಾತಾಡುತ್ತಾರೆ, ನನ್ನನ್ನೂ ಕರೆದು ಕೂರಿಸುತ್ತಾರೆ. ಆದರೆ ತಪಾಸಣೆ ಇದೆ ಎಂದಾಗ ಮೆಷೀನು ಕೆಟ್ಟೀತೆಂದು ನಾನೂ ಒಂದೆರಡು ಸಲ ವರ್ಕ್‌ಷಾಪಿಗೆ ಬೀಗ ಹಾಕಿದ್ದೇನೆ. ಬೀಗದ ಕೈ ಪರ್ಸಿನಲ್ಲಿ ಭಾರವಾಗಿ ಕೂತಾಗ ಮಾತ್ರ ವಾಪಸು ಹೋಗಿ ತೆಗೆದಿದ್ದೇನೆ.

ಖಾಜಾ ಮಿಸ್ತ್ರಿ ಇಲ್ಲ. ಚನ್ನಬಸಯ್ಯ ಸರ್ ನಿವೃತ್ತರಾಗಿ ತೀರಿಕೊಂಡರು. ಮಂಡಿ ನೋವು ಹೆಚ್ಚಾಗಿ ದೊಡ್ಡವ್ವ ಖಾನಾವಳಿ ನಿಲ್ಲಿಸಿದ ಮೇಲೆ ಆ ಬಾಡಿಗೆ ಮನೆಯನ್ನು ಕೆಡವಿದರು. ನುಗ್ಗೆಮರ ಇದ್ದಲ್ಲಿ ಈಗ ಒಂದು ಕಟ್ಟಡದ ಲಿಫ್ಟ್ ಇದೆ. ಅವಳು ಕುರುಗೋಡಿಗೆ, ನನ್ನ ಮನೆಗೆ ಬಂದು ಮೂರು ವರ್ಷ ಇದ್ದಳು, ಸಂತೋಷವಾಗಿಯೇ ಇದ್ದಳು. ಅವಳು ತೀರಿಕೊಂಡ ಮೇಲೆ ನನಗೆ ಹೊಳೆದದ್ದು, ಅಷ್ಟು ಐತವಾರ ಆ ಮನೆಯಲ್ಲಿ ನಾವೆಲ್ಲ ಕಲಿತೆವು, ಕಲಿಸಿದೆವು, ಒಳಗೆ ಒಲೆಯ ಮುಂದೆ ಅವಳು ಮಾಡುತ್ತಿದ್ದದ್ದೂ ಒಂದು ಕೈಕೆಲಸ ಎಂದು ಯಾರಿಗೂ ಅನ್ನಿಸಲಿಲ್ಲ. ಅದನ್ನು ಕಲಿಯಲು ಆಗ ಯಾರೂ ಅವಳ ಮುಂದೆ ಕೂರಲಿಲ್ಲ, ನಾನೂ ಕೂರಲಿಲ್ಲ.

ಅವಳ ಕೊನೆಯ ಬೇಸಿಗೆಯಲ್ಲಿ ಒಂದು ದಿನ, ರಜೆಯಿದ್ದದ್ದರಿಂದ, ರೊಟ್ಟಿ ಮಾಡುವುದನ್ನು ಹೇಳಿಕೊಡು ಅಂದೆ. ಅವಳು ನಕ್ಕಳು. ಅಡಿಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ನಾದುವುದು, ತಟ್ಟುವುದು, ತಿರುಗಿಸುವುದು ಎಲ್ಲ ಹೇಳಿದಳು. ಮೋಟರಿನ ಸಂದಿನಲ್ಲಿ ಕಾಗದ ತೂರಿಸುವ ಬೆರಳುಗಳು ಹಿಟ್ಟಿನ ಮುಂದೆ ಮೊದ್ದಾದವು. ಹಂಚಿಗೆ ಹಾಕುವಷ್ಟರಲ್ಲಿ ರೊಟ್ಟಿ ನಡುವೆ ಹರಿಯಿತು. ಹರಿದದ್ದನ್ನೇ ಬೇಯಿಸಿ, ಬಿಸಾಡಲು ಹೋದೆ. ಅವಳು ಕೈ ಅಡ್ಡ ಹಿಡಿದು ತಾಟಿಗೆ ಹಾಕಿಸಿಕೊಂಡಳು.

"ಹರಿದ್ರ ಏನಾತು, ಸುಮಿ. ಬೆಂದೈತಿ."

ಹಲ್ಲಿಲ್ಲದ ಬಾಯಿಯಲ್ಲಿ, ಹಾಲಿನಲ್ಲಿ ನೆನೆಸಿ, ನಿಧಾನವಾಗಿ ತಿಂದಳು. ಮುಗಿಸಿ, ಇನ್ನೊಂದು ಹಾಕು ಅಂದಳು.