ರಾಹುಕಾಲಕ್ಕೆ ಮುಂಚೆ ಬಂದ ಡೈನಿಂಗ್ ಟೇಬಲ್ಲು

ಮಂಡ್ಯದ ಕಸ್ತೂರಿರಂಗ ಅವರು ಆಹಾರ ಇಲಾಖೆಯಿಂದ ನಿವೃತ್ತರಾದ ಮೇಲೆ ಜಿಲ್ಲೆಯ ಗ್ರಾಹಕರನ್ನೆಲ್ಲ ಎಚ್ಚರಿಸುವ ಕೆಲಸಕ್ಕೆ ನಿಂತರು. ಗ್ರಾಹಕರು ಎದ್ದರೋ ಬಿಟ್ಟರೋ, ಮೈಕು ಕಂಡಲ್ಲೆಲ್ಲ ಇವರಂತೂ ಎದ್ದರು. ಮದ್ದೂರಿನ ಕಾಲೇಜು, ಹನಕೆರೆಯ ಹಾಲಿನ ಡೇರಿ, ಮಳವಳ್ಳಿಯ ಮಹಿಳಾ ಸಂಘ, ಎಲ್ಲಿ ಕರೆದರೂ ಹೋಗುವರು. ಕರೆಯದಿದ್ದರೆ ಫೋನು ಮಾಡಿ ಕರೆಸಿಕೊಳ್ಳುವರು. ಭಾಷಣದ ಪಲ್ಲವಿ ಮಾತ್ರ ಎಲ್ಲ ಕಡೆಯೂ ಒಂದೇ: "ಬಿಚ್ಚಿ ನೋಡದೆ ಸಹಿ ಹಾಕುವವನು ಗ್ರಾಹಕನಲ್ಲ, ಕುರಿ!" ಮಳವಳ್ಳಿ ಕಡೆ ಹೋದಾಗ ಅದು ಅಲ್ಲಿನ ಹೆಸರಾಂತ ತಳಿಯಾದ ಬಂಡೂರು ಕುರಿಯಾಗುತ್ತಿತ್ತು. ಜನ ನಕ್ಕು ಚಪ್ಪಾಳೆ ತಟ್ಟುತ್ತಿದ್ದರು.

ಈ ಭಾಷಣ ಬಾಯಿಪಾಠವಾಗಿದ್ದ ಇನ್ನೊಬ್ಬರೆಂದರೆ ಅವರ ಹೆಂಡತಿ ಆಂಡಾಳ್. ಮದುವೆಯಾದಂದಿನಿಂದ ಎಲ್ಲರಿಗೂ ಬಡಿಸಿ, ಕೊನೆಗೆ ಅಡುಗೆಮನೆಯ ನೆಲದ ಮೇಲೆ ಒಬ್ಬರೇ ಕೂತು ತಣ್ಣಗಾದದ್ದನ್ನು ಉಂಡವರು. ಈಚೆಗೆ ಮೊಣಕಾಲು ಕೈಕೊಟ್ಟಿತ್ತು. ಕೂರುವುದೇನೋ ಕೂರುತ್ತಿದ್ದರು, ಏಳುವಾಗ ಬಾಗಿಲ ಚೌಕಟ್ಟು ಹಿಡಿದು ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು. ಎಂದೂ ಏನೂ ಕೇಳದ ಆಕೆ ಒಂದು ದಿನ ನೇರವಾಗಿ ಕೇಳಿದರು: "ನನಗೊಂದು ಡೈನಿಂಗ್ ಟೇಬಲ್ ಬೇಕು. ನಿಮ್ಮ ಎದುರಿಗೆ ಕುರ್ಚಿಯಲ್ಲಿ ಕೂತು ಬಿಸಿಬಿಸಿಯಾಗಿ ಒಂದು ತುತ್ತು ತಿನ್ನಬೇಕು, ಅಷ್ಟೇ."

ಕಸ್ತೂರಿರಂಗ ಅವರು ಮದ್ದೂರು ರಸ್ತೆಯ ಅಪ್ಪುವಿನ ಅಂಗಡಿಯಲ್ಲಿ ತೇಗದ ಮೇಜು ಗೊತ್ತುಮಾಡಿದರು. ಅಪ್ಪುವೆಂದರೆ ಇವರ ಭಾಷಣಗಳಿಗೆ ಬಿಟ್ಟಿಯಾಗಿ ಕುರ್ಚಿ, ಶಾಲು ಕೊಡುತ್ತಿದ್ದ ಅಭಿಮಾನಿ. ಬೇರೆ ಅಂಗಡಿಗೆ ಹೋದರೆ ಅವನು ನೊಂದುಕೊಂಡಾನೆಂಬ ದಾಕ್ಷಿಣ್ಯ ಬೇರೆ.

ಮೇಜು ಬಂದದ್ದು ಶುಕ್ರವಾರ, ಹತ್ತೂಕಾಲರ ಹೊತ್ತಿಗೆ. ಟೆಂಪೋ ಓಡಿಸಿಕೊಂಡು ಬಂದ ಮರಿಸಿದ್ದಯ್ಯ ಹಗ್ಗ ಬಿಚ್ಚುತ್ತ, "ಒಸಿ ತಡೀರಿ ಸಾ, ಇಲ್ಲೇ ಪ್ಲಾಸ್ಟಿಕ್ ಕಿತ್ತು ತೋರುಸ್ಬುಡ್ತೀನಿ. ಆಮ್ಯಾಕೆ ಅಂಗಾಗದೆ ಇಂಗಾಗದೆ ಅಂದ್ರೆ ನನ್ ತಲೆ ಮ್ಯಾಕೆ ಬತ್ತದೆ" ಎಂದ.

ಕಸ್ತೂರಿರಂಗ ಅವರ ಕಣ್ಣು ಗಡಿಯಾರದಲ್ಲಿ ನೆಟ್ಟಿತ್ತು. "ಬಿಚ್ಚೋದೆಲ್ಲ ಆಮೇಲೆ! ಹತ್ತೂವರೆಗೆ ರಾಹುಕಾಲ ಹತ್ತುತ್ತೆ. ಮೊದಲು ಹೊಸ್ತಿಲು ದಾಟಿಸಿ."

"ಒಂದು ಸಲ ನೋಡಿಬಿಡಿ ಅಂದ್ರೆ" ಎಂದರು ಆಂಡಾಳ್. "ನೀವೇ ಊರಿಗೆಲ್ಲ ಹೇಳ್ತೀರಲ್ಲ."

"ಅದು ಭಾಷಣ ಕಣೇ. ಇದು ಮನೆ."

ಮೇಜು ಒಳಗೆ ಬಂತು. ಮರಿಸಿದ್ದಯ್ಯ ಚಾಚಿದ ಅಂಗಡಿಯ ಚೀಟಿಗೆ ಕಸ್ತೂರಿರಂಗ ಅವರು ತಮ್ಮ ಸುಂದರವಾದ ಸಹಿ ಹಾಕಿದರು. ಪ್ಲಾಸ್ಟಿಕ್ಕಿನ ಮೇಲೆಯೇ ಅರಿಶಿನ ಕುಂಕುಮ ಬಿತ್ತು, ಕರ್ಪೂರ ಉರಿಯಿತು. ರಾಹುಕಾಲದಲ್ಲಿ ಬಿಚ್ಚುವಂತಿಲ್ಲವಾದ್ದರಿಂದ ಮೇಜು ಮಧ್ಯಾಹ್ನದವರೆಗೂ ಮುಸುಕು ಹೊದ್ದೇ ನಿಂತಿತ್ತು.

ಹನ್ನೆರಡು ಹೊಡೆದ ಮೇಲೆ ಬಿಚ್ಚಿದರೆ, ಹಲಗೆಯ ಮೇಲೆ ಈ ತುದಿಯಿಂದ ಆ ತುದಿಗೆ ಗೀರು. ಒಂದು ಕಾಲು ಬುಡದಲ್ಲಿ ಬಿರುಕುಬಿಟ್ಟು ಒಳಗೆ ವಾಲಿತ್ತು. ತಟ್ಟೆ ಇಟ್ಟರೆ ಸಾರೆಲ್ಲ ಒಂದೇ ಕಡೆಗೆ ಹರಿಯಿತು. ರಾಹು ತನ್ನ ಸಮಯಕ್ಕೆ ಬಂದು ಹೋಗಿದ್ದ. ಅವನ ಕೆಲಸವನ್ನು ಅಪ್ಪು ಮುಂಚೆಯೇ ಮುಗಿಸಿದ್ದ.

ಮರುದಿನ ಕಸ್ತೂರಿರಂಗ ಅವರು ಅಂಗಡಿಗೆ ಹೋದರು. ಅಪ್ಪು ಎದ್ದು ನಿಂತು ಕೈಮುಗಿದು ಎಳನೀರು ತರಿಸಿದ. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡ.

"ಏನ್ ಸಾ ಇಂಗಂತೀರಿ? ನಿಮ್ ಬಾಸಣ ಕೇಳೇ ಅಲ್ವಾ ನಾನು ಬುದ್ದಿ ಕಲ್ತಿದ್ದು! 'ಬಿಚ್ಚಿ ನೋಡಿ ಒಪ್ಪಿಕೊಂಡಿದ್ದೇನೆ' ಅಂತ ಚೀಟೀಲಿ ಅಚ್ಚು ಆಕ್ಸಿದೀನಿ. ಅದ್ರ ಕೆಳಗೆ ನಿಮ್ದೇ ಸಯಿ ಅದೆ. ನೀವು ನೋಡ್ದೆ ಸಯಿ ಆಕುದ್ರಿ ಅಂದ್ರೆ ಊರೋರು ನಂಬ್ತಾರಾ ಸಾ?"

ಕಸ್ತೂರಿರಂಗ ಅವರು ಎಳನೀರು ಕುಡಿದು ಮನೆಗೆ ಬಂದರು.

ವಾಲಿದ ಕಾಲಿನ ಕೆಳಗೆ ಇಡಲು ಏನಾದರೂ ಬೇಕಿತ್ತು. ತಾವೇ ಅಚ್ಚು ಹಾಕಿಸಿದ 'ಗ್ರಾಹಕನ ಆರು ಹಕ್ಕುಗಳು' ಕರಪತ್ರ ಕಂತೆಗಟ್ಟಲೆ ಉಳಿದಿತ್ತು. ಮಡಚಿ ತುರುಕಿದರು. ಆರು ಹಕ್ಕುಗಳೂ ಒಟ್ಟಿಗೇ ಮೇಜನ್ನು ಹೊತ್ತವು, ಆದರೂ ಅದು ಅಲುಗಾಡುವುದು ನಿಲ್ಲಲಿಲ್ಲ. ಕಾಲು ಯಾವಾಗ ಮುರಿಯುವುದೋ ಎಂದು ಹೆದರಿ ಆಂಡಾಳ್ ಮತ್ತೆ ನೆಲಕ್ಕೇ ಹೋದರು. ಉಂಡು ಏಳುವಾಗ ಚೌಕಟ್ಟು ಹಿಡಿದು, "ದೂರು ಕೊಡಿ" ಎಂದರು.

"ಜಿಲ್ಲೆಯಲ್ಲಿ ನನ್ನ ಹೆಸರು ಏನಾಗಬೇಕು? ಸ್ವಲ್ಪ ಅಡ್ಜಸ್ಟ್ ಮಾಡಿಕೋ."

"ನನ್ನ ಕಾಲು ಏನಾದರೂ ಆಗಲಿ, ನಿಮ್ಮ ಹೆಸರು ಕುಂಟಬಾರದು, ಅಲ್ವೇ?"

ಆಂಡಾಳ್ ಅವರನ್ನು ಗೀರು ಬಿದ್ದ ಮೇಜಿಗಿಂತ ಆ 'ಅಡ್ಜಸ್ಟ್' ಎಂಬ ಮಾತು ಹೆಚ್ಚು ನೋಯಿಸಿತು. ಸಿಟ್ಟೂ ಬಂತು. ಆ ಸಿಟ್ಟನ್ನು ಮಳವಳ್ಳಿಯ ಕಾರ್ಯಕ್ರಮದವರೆಗೆ ಜೋಪಾನವಾಗಿ ಇಟ್ಟುಕೊಂಡರು.

ಗ್ರಾಹಕರ ದಿನದಂದು ಮಳವಳ್ಳಿಯ ಮಹಿಳಾ ಸಂಘದಲ್ಲಿ ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಕುರ್ಚಿ ದಾನಿ ಅಪ್ಪುವೂ ಶಾಲು ಹೊದ್ದು ಕೂತಿದ್ದ. ಕಸ್ತೂರಿರಂಗ ಅವರು ಬಂಡೂರು ಕುರಿಯನ್ನು ಎಂದಿನಂತೆ ಮೆರೆಸಿ, ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದರು. ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಮುಂದಿನ ಕುರ್ಚಿ ಹಿಡಿದು ಕಷ್ಟಪಟ್ಟು ಎದ್ದರು. ನೋಡಿದರೆ ಆಂಡಾಳ್. ಬಸ್ಸು ಹತ್ತಿ ಬಂದಿದ್ದರು.

"ಒಂದು ಅನುಮಾನ ಸರ್. ಮನೆ ಯಜಮಾನರು ರಾಹುಕಾಲ ಬಂತು ಅಂತ ನೋಡದೆ ಸಹಿ ಹಾಕಿಬಿಟ್ಟರು. ಬಿಚ್ಚಿದರೆ ಮೇಜಿನ ಕಾಲೇ ಬಿರುಕು. ಸಹಿ ಹಾಕಿದ ಮೇಲೆ ನಮ್ಮ ಹಕ್ಕು ಹೋಯ್ತೇ?"

ಕಸ್ತೂರಿರಂಗ ಅವರು ಮೈಕಿನಿಂದ ತುಸು ಹಿಂದೆ ಸರಿದರು. ಸುಳ್ಳು ಹೇಳೋಣವೆಂದರೆ ಇಷ್ಟು ವರ್ಷದ ಭಾಷಣ ಅಡ್ಡ ನಿಂತಿತ್ತು. "ಹೋಗುವುದಿಲ್ಲ" ಎಂದರು ಮೆಲ್ಲಗೆ. "ದೋಷ ಇದ್ದರೆ ಅಂಗಡಿಯವರು ಸರಿಮಾಡಿ ಕೊಡಬೇಕು, ಇಲ್ಲ ಬದಲಾಯಿಸಬೇಕು. ಆಗುವುದಿಲ್ಲ ಎಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಸಹಿ ಒಂದರಿಂದಲೇ ಎಲ್ಲ ಮುಗಿದುಹೋಗುವುದಿಲ್ಲ."

"ಸಂತೋಷ. ಅಂಗಡಿಯವರು ನಿಮ್ಮ ಪಕ್ಕದಲ್ಲೇ ಶಾಲು ಹೊದ್ದು ಕೂತಿದ್ದಾರೆ, ಅವರಿಗೂ ಕೇಳಿಸಿತಲ್ಲ. ಇನ್ನೊಂದೇ ಪ್ರಶ್ನೆ. ಹಾಗೆ ಸಹಿ ಹಾಕಿದ ಯಜಮಾನರನ್ನ ಏನಂತ ಕರೀಬೇಕು ಸರ್?"

ಅವರು ಬಾಯಿ ತೆರೆಯುವ ಮೊದಲೇ ಸಭಾಂಗಣದ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು: "ಬಂಡೂರು ಕುರಿ!"

ಅಪ್ಪು ಶಾಲು ಸರಿಮಾಡಿಕೊಂಡು ಎದ್ದುನಿಂತ. "ಇದೇ ಸುಕ್ರವಾರ ಬ್ಯಾರೆ ಟೇಬಲ್ ಕಳುಸ್ತೀನಿ ಕಣಮ್ಮ, ಕೂತ್ಕಳಿ."

ಹೊಸ ಮೇಜು ರಾಹುಕಾಲದ ನಟ್ಟನಡುವೆಯೇ ಬಂತು. ಕಸ್ತೂರಿರಂಗ ಅವರು ಗಡಿಯಾರ ನೋಡಿದರು, ಹೆಂಡತಿಯ ಮುಖ ನೋಡಿದರು, ಗೇಟು ತೆರೆದರು. ಆಂಡಾಳ್ ಅಂಗಳದಲ್ಲೇ ಪ್ಲಾಸ್ಟಿಕ್ ಕೀಳಿಸಿ, ಹಲಗೆಯ ಮೇಲೆ ಅಂಗೈ ಆಡಿಸಿ, ಒಂದೊಂದೇ ಕಾಲು ಅಲ್ಲಾಡಿಸಿ ನೋಡಿ ಆಮೇಲೆ ಸಹಿ ಹಾಕಿದರು. "ನಿಮ್ಮಂಗೆ ಎಲ್ರೂ ನೋಡಿದ್ರೆ ನಮ್ ಪಾಡು ಸುಖ ಕಣಮ್ಮ" ಎಂದು ಮರಿಸಿದ್ದಯ್ಯ ಟೆಂಪೋ ಹತ್ತಿದ.

ಊಟದ ಹೊತ್ತಾಯಿತು. ಆಂಡಾಳ್ ತಟ್ಟೆಗಳನ್ನಿಟ್ಟು ಕುರ್ಚಿಯಲ್ಲಿ ಕೂತರು. ಎದುರಿಗೆ ಕಸ್ತೂರಿರಂಗ ಅವರೂ ಕೂತು, ಎಂದಿನಂತೆ ಅನ್ನ ಬರಲೆಂದು ಕಾದರು. ಆಕೆಯೂ ಕಾದರು.

"ಏನು ನೋಡ್ತಾ ಇದ್ದೀರಿ?" ಎಂದರು ಕೊನೆಗೆ. "ಬಡಿಸಿ."

ಕಸ್ತೂರಿರಂಗ ಅವರು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಗಳ ಸದ್ದು ಬಂತು. ಬಹಳ ಹೊತ್ತಾದ ಮೇಲೆ ಒಳಗಿನಿಂದ ಸಣ್ಣ ದನಿಯೊಂದು ಕೇಳಿತು: "ಸೌಟು ಎಲ್ಲಿದೆ ಆಂಡಾಳ್?"

ಆಂಡಾಳ್ ಏಳಲಿಲ್ಲ.